ಅವ್ವನಿಗೆ ‘ಹರ್-2 ಪಾಸಿಟಿವ್’ ಬಂದಿದೆ, ನನಗೂ ಬರುತ್ತಾ?

“ಸರ್, ಅವ್ವನ ಸ್ತನ ಕ್ಯಾನ್ಸರ್ ರಿಪೋರ್ಟ್‌ನ್ಯಾಗ ಹರ್-2 ಪಾಸಿಟಿವ್ ಅಂತ ಬಂದದ. ಇದು ನನಗೂ ಬರ್ತದೇನ್ರಿ?” ಮತ್ತೆ ಅದೇ ಪ್ರಶ್ನೆ. ಈ ಸಲ ಕೇಳಿದ್ದು ಆಳಂದ ಕಡೆಯ ತಂಗಿ. ಇದೇ ಕಾರಣಕ್ಕೆ ಮನೆಯಲ್ಲಿ ಅವಳ ಮದುವೆ ಮಾತುಕತೆ ನಿಲ್ಲಿಸಿದ್ದಾರಂತೆ. ಎಷ್ಟು ಸಲ ಹೇಳಿದೆನೋ, ಇನ್ನೊಮ್ಮೆ ಹೇಳುತ್ತೇನೆ: ಹರ್-2 ಪಾಸಿಟಿವ್ ಅನ್ನೋದು ತಾಯಿಯಿಂದ ಮಗಳಿಗೆ ಇಳಿದು ಬರುವಂಥದ್ದಲ್ಲ.

ಹರ್-2 ಎಲ್ಲರಲ್ಲೂ ಇರುತ್ತದೆ, ನನ್ನಲ್ಲೂ ಇದೆ. ಅದು ಜೀವಕೋಶದ ಹೊರಪೊರೆಯಲ್ಲಿ ನೆಟ್ಟಿರುವ ಒಂದು ಪ್ರೋಟೀನ್. ರಿಸೆಪ್ಟರ್ ಟೈರೋಸಿನ್ ಕೈನೇಸ್ ಅನ್ನುವ ಜಾತಿಯದು. ಹರ್ ಮನೆತನದಲ್ಲಿ ಇಂಥವು ನಾಲ್ಕು. ಹೊರಗಿನಿಂದ ಬೆಳವಣಿಗೆಯ ಸಂದೇಶ ಬಂದು ಅಂಟಿದರೆ ಎರಡೆರಡು ಜೋಡಿಯಾಗುತ್ತವೆ. ಕೋಶದ ಒಳಗಿರುವ ತುದಿಯಲ್ಲಿ ಒಂದು ಇನ್ನೊಂದಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ‘ಬೆಳೆ, ಒಡೆದು ಎರಡಾಗು’ ಅನ್ನುವ ಸುದ್ದಿ ಅಲ್ಲಿಂದ ಒಳಗೆ ಸಾಗುತ್ತದೆ. ಹರ್-2 ಮಾತ್ರ ಯಾವ ಸಂದೇಶಕ್ಕೂ ಕಾಯುವುದಿಲ್ಲ, ಜೋಡಿಯಾಗಲು ಸದಾ ತಯಾರು. ಅದಕ್ಕೇ ಜಾಸ್ತಿಯಾದರೆ ಅಪಾಯ. ಪಾಸಿಟಿವ್ ಅಂದರೆ ಕ್ಯಾನ್ಸರ್ ಗಂಟಿನಲ್ಲಿ ಹರ್-2 ಜಾಸ್ತಿ ಇದೆ ಅಂತ.

ಇದರ ಜೀನ್ ಇರುವುದು 17ನೇ ಕ್ರೋಮೋಸೋಮಿನಲ್ಲಿ. ನಮಗೆಲ್ಲ ಎರಡೆರಡು ಪ್ರತಿ. ಪಾಸಿಟಿವ್ ಗಂಟಿನ ಕೋಶಗಳಲ್ಲಿ ಸಾಮಾನ್ಯವಾಗಿ ಆ ಪ್ರತಿಗಳೇ ಹೆಚ್ಚಾಗಿರುತ್ತವೆ. ಹೆಚ್ಚಾದದ್ದು ಎಲ್ಲಿ? ಆ ಗಂಟಿನಲ್ಲಿ ಮಾತ್ರ. ಹಂಚಿನ ಮೇಲೆ ಒಂದು ರೊಟ್ಟಿ ಹೊತ್ತಿದರೆ ಡಬ್ಬಿಯೊಳಗಿನ ಜೋಳದ ಹಿಟ್ಟು ಹೊತ್ತಿರುತ್ತದೆಯೇ? ಮಕ್ಕಳಿಗೆ ಹೋಗುವುದು ಡಬ್ಬಿಯ ಹಿಟ್ಟು.

ನಂಬಿಕೆ ಬರದಿದ್ದರೆ ಅವ್ವನ ರಿಪೋರ್ಟ್ ತೆಗೆದು ನೋಡು, ತಂಗಿ. ಮೇಲ್ಗಡೆ ‘ಸ್ಪೆಸಿಮನ್’ ಅಂತ ಇರುತ್ತದೆ. ಅಲ್ಲಿ ಬರೆದಿರುವುದು ರಕ್ತ ಅಂತಲ್ಲ, ಗಂಟಿನಿಂದ ತೆಗೆದ ತುಣುಕು ಅಂತ. ಅದಕ್ಕೆ ಬಣ್ಣ ಹಾಕಿ 0, 1+, 2+, 3+ ಅಂತ ಅಂಕ ಕೊಡುತ್ತಾರೆ. 3+ ಬಂದರೆ ಪಾಸಿಟಿವ್. 2+ ಬಂದರೆ ಫಿಶ್ ಅನ್ನುವ ಇನ್ನೊಂದು ಪರೀಕ್ಷೆ ಮಾಡಿ, ಜೀನಿನ ಪ್ರತಿಗಳನ್ನು ಎಣಿಸುತ್ತಾರೆ. ಹುಟ್ಟಿನಿಂದ ಬಂದದ್ದನ್ನು ಹುಡುಕಲು ಗಂಟನ್ನೇ ಯಾಕೆ ಚುಚ್ಚಬೇಕಿತ್ತು? ರಕ್ತ ಸಾಕಿತ್ತಲ್ವಾ?

ಗೊಂದಲ ಆಗುವುದು ಬ್ರಾಕಾ ಜೀನಿನಿಂದ. ಅದು ಕೆಟ್ಟರೆ ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಬ್ರಾಕಾ-1 ಕೂಡ 17ನೇ ಕ್ರೋಮೋಸೋಮಿನಲ್ಲೇ ಇದೆ. ಆದರೆ ಅದರ ದೋಷ ಹುಟ್ಟಿನಿಂದಲೇ ಬರಬಹುದು, ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದವರಿದ್ದರೆ ಡಾಕ್ಟರನ್ನು ಬ್ರಾಕಾ ಪರೀಕ್ಷೆಯ ಬಗ್ಗೆ ಕೇಳಿ. ಆ ಲೆಕ್ಕವೇ ಬೇರೆ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಗಂಟು ಸ್ತನದಲ್ಲಿ, ಹಾಗಿದ್ದರೆ ಹೃದಯಕ್ಕೆ ಎಕೋ ಅನ್ನುವ ಸ್ಕ್ಯಾನ್ ಯಾಕೆ? 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರಾಸ್ಟುಜುಮ್ಯಾಬ್ ಔಷಧ ಹರ್-2 ಅನ್ನೇ ಹಿಡಿದು ಕಟ್ಟಿಹಾಕುತ್ತದೆ. ಆದರೆ ಹೃದಯದ ಸ್ನಾಯುವಿಗೂ ದಣಿವು ತಡೆದುಕೊಳ್ಳಲು ಹರ್-2 ಬೇಕು. ಹಾಗಾಗಿ ಕೆಲವರಲ್ಲಿ ಹೃದಯ ರಕ್ತ ತಳ್ಳುವ ಶಕ್ತಿ ಇಳಿಯುತ್ತದೆ. ಬೇಗ ಗೊತ್ತಾದರೆ ಔಷಧ ನಿಲ್ಲಿಸುತ್ತಾರೆ, ಹೆಚ್ಚಿನವರಲ್ಲಿ ಅದು ಸುಧಾರಿಸುತ್ತದೆ. ಮೂರು ತಿಂಗಳಿಗೊಮ್ಮೆ ಎಕೋ ಬರೆಯುವುದು ಇದಕ್ಕೇ. ಸುಮ್ನೆ ಖರ್ಚು ಅಂತ ತಪ್ಪಿಸಬೇಡಿ. ಹೋಗುವಾಗ ಹಳೆಯ ಎಕೋ ರಿಪೋರ್ಟ್‌ಗಳನ್ನೂ ಒಯ್ಯಿರಿ, ಡಾಕ್ಟರ್ ಅವುಗಳ ಜೊತೆ ಇಟ್ಟೇ ಹೊಸದನ್ನು ನೋಡುತ್ತಾರೆ.