ಜೀವನಾಂಶದ ಅರ್ಜಿಗೆ ಮೊದಲು ದಿನಾಂಕ ಪಟ್ಟಿ: ಅರೆಕಾನೂನು ಸ್ವಯಂಸೇವಕರಿಗೆ ಅಧ್ಯಯನ ಟಿಪ್ಪಣಿ

ಕೊಡಗಿನಲ್ಲಿ ಅರೆಕಾನೂನು ಸ್ವಯಂಸೇವಕರಾಗಿ, ಅಂದರೆ ವಕೀಲರಲ್ಲದಿದ್ದರೂ ಜನರಿಗೆ ಕಾನೂನು ನೆರವಿನ ದಾರಿ ತೋರಿಸುವವರಾಗಿ, ತರಬೇತಿ ಪಡೆಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ ಬರೆದಿದ್ದೇನೆ. ಕೌಟುಂಬಿಕ ಕಾನೂನಿನ ವ್ಯಾಪ್ತಿ ದೊಡ್ಡದಾದ್ದರಿಂದ, ನಮ್ಮ ಬಳಿಗೆ ಹೆಚ್ಚಾಗಿ ಬರುವ ಜೀವನಾಂಶದ ವಿಷಯವನ್ನು ಮಾತ್ರ, ಅದರಲ್ಲಿಯೂ ವಕೀಲರ ಕೈಗೆ ಕಡತ ತಲುಪುವ ಮುನ್ನ ನಾವು ಮಾಡಬೇಕಾದ ಕೆಲಸವನ್ನು, ಮುಖ್ಯವಾಗಿ ಘಟನೆಗಳ ದಿನಾಂಕ ಪಟ್ಟಿಯನ್ನು, ಮಾತ್ರ ಇಲ್ಲಿ ತೆಗೆದುಕೊಂಡಿದ್ದೇನೆ.

ಮೊದಲು ನಮ್ಮ ಎಲ್ಲೆ. 1961ರ ವಕೀಲರ ಅಧಿನಿಯಮದ ಪ್ರಕಾರ ವಕೀಲಿ ವೃತ್ತಿ ನಡೆಸುವ ಹಕ್ಕು ವಕೀಲರಿಗೆ ಮಾತ್ರ ಇದೆ; ನಾವು ವಾದ ಮಾಡುವಂತಿಲ್ಲ, ಪ್ರಕರಣದ ಗೆಲುವು ಸೋಲಿನ ಬಗ್ಗೆ ಭರವಸೆ ಕೊಡುವಂತೆಯೂ ಇಲ್ಲ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಪ್ರಕರಣದಂತೆ (ಸೆಕ್ಷನ್) ಮಹಿಳೆಯರಿಗೆ ಮತ್ತು ಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯುತ್ತದೆ ಎಂಬುದನ್ನು ಮನೆ ಬಾಗಿಲಲ್ಲೇ ಹೇಳಬೇಕಾದವರು ನಾವೇ. ವಕೀಲರ ಫೀಸಿಗೆ ಹೆದರಿ ವರ್ಷಗಟ್ಟಲೆ ಸುಮ್ಮನಿರುವವರು ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲು ಮನೆಗಳಲ್ಲಿ) ಎಷ್ಟೋ ಜನರಿದ್ದಾರೆ. 15100 ಎಂಬ ಸಹಾಯವಾಣಿ ಸಂಖ್ಯೆಯನ್ನು ಬರೆದುಕೊಟ್ಟು ಬರುವುದನ್ನು ಮರೆಯಬಾರದು.

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಪ್ರಕರಣದ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಪ್ರಕರಣ ಬಂದಿದೆ. ಹಳೆಯ ಸಂಖ್ಯೆಯೇ ಜನರ ಬಾಯಲ್ಲಿರುವುದರಿಂದ ಎರಡನ್ನೂ ನೆನಪಿಡುವುದು ಒಳ್ಳೆಯದು. ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಹೆಂಡತಿ, ಮಕ್ಕಳು, ತಂದೆ ಮತ್ತು ತಾಯಿ ಇದರಡಿ ಜೀವನಾಂಶ ಕೇಳಬಹುದು. ವಿಚ್ಛೇದನವಾಗಿ ಮರುಮದುವೆಯಾಗದ ಮಹಿಳೆಯೂ ಕೇಳಬಹುದು. ಗಂಡ ಬೆಂಗಳೂರಿನಲ್ಲಿದ್ದರೂ, ಹೆಂಡತಿ ಸೋಮವಾರಪೇಟೆಯ ತವರಿನಲ್ಲಿ ವಾಸವಾಗಿದ್ದರೆ ಅರ್ಜಿಯನ್ನು ಇಲ್ಲಿಯೇ ಹಾಕಬಹುದು. ಯಾವ ಧರ್ಮದವರಿಗೂ ಈ ಪ್ರಕರಣ ಅನ್ವಯಿಸುತ್ತದೆ. ನಮ್ಮ ಜಿಲ್ಲೆಯ ಮಟ್ಟಿಗೆ ಈ ಮಾತಿಗೆ ವಿಶೇಷ ತೂಕವಿದೆ. ಹಿಂದೂ ವಿವಾಹ ಅಧಿನಿಯಮವು, ಕೇಂದ್ರ ಸರ್ಕಾರ ಬೇರೆ ರೀತಿ ಅಧಿಸೂಚಿಸದ ಹೊರತು, ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ ಯರವ ಅಥವಾ ಜೇನುಕುರುಬ ಹಾಡಿಯ (ಬುಡಕಟ್ಟು ಜನರ ವಸತಿಯ) ಮಹಿಳೆಗೆ ಆ ಕಾನೂನಿನ ದಾರಿ ಸಾಮಾನ್ಯವಾಗಿ ಇರುವುದಿಲ್ಲ; 144ನೇ ಪ್ರಕರಣದ ದಾರಿ ಆಕೆಗೂ ತೆರೆದಿದೆ.

ಇನ್ನು ದಿನಾಂಕಗಳ ವಿಷಯ. ನನ್ನ ದೃಷ್ಟಿಯಲ್ಲಿ ನಮ್ಮ ಕೆಲಸದ ಮುಕ್ಕಾಲು ಪಾಲು ಇದೇ ಆಗಿದೆ. ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದ ಲೆಕ್ಕ ಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರ್ 4ರಂದು ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಯಾವುದೋ ಒಂದು ಕಾಗದಕ್ಕಾಗಿ ಕಾದು ಅರ್ಜಿಯನ್ನು ತಡ ಮಾಡಿದರೆ, ತಡವಾದ ಅಷ್ಟೂ ತಿಂಗಳ ಹಣವನ್ನು ಆಕೆ ಕಳೆದುಕೊಂಡಂತೆಯೇ. ಆದೇಶವಾದ ಮೇಲೆ ಗಂಡ ಹಣ ಕಟ್ಟದಿದ್ದರೆ, ಬಾಕಿಯ ವಸೂಲಿಗೆ ವಾರಂಟ್ ಕೇಳುವ ಅರ್ಜಿಯನ್ನು ಆ ಬಾಕಿ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಪರಸ್ಪರ ಒಪ್ಪಿಗೆಯಿಂದ ಬೇರೆ ವಾಸಿಸುತ್ತಿದ್ದರೆ ಹೆಂಡತಿಗೆ ಈ ಪ್ರಕರಣದಡಿ ಹಕ್ಕಿಲ್ಲ; ಆದ್ದರಿಂದ ಯಾರು, ಯಾವಾಗ, ಯಾವ ಕಾರಣಕ್ಕೆ ಮನೆ ಬಿಟ್ಟರು ಎಂಬುದು ದಿನಾಂಕ ಸಹಿತ ಸ್ಪಷ್ಟವಾಗಿರಬೇಕು.

ತೋಟದ ಕೆಲಸದ ಮಹಿಳೆಯೊಬ್ಬಳಿಗಾಗಿ ನಾನು ಮೊದಲು ಬರೆದ ದಿನಾಂಕ ಪಟ್ಟಿಯಲ್ಲಿ "ಸುಮಾರು ಎರಡು ವರ್ಷದ ಹಿಂದೆ ಗಂಡ ಬಿಟ್ಟುಹೋದರು" ಎಂದಷ್ಟೇ ಇತ್ತು. ಪ್ಯಾನಲ್ ವಕೀಲರು, ಅಂದರೆ ಉಚಿತ ಕಾನೂನು ನೆರವಿಗೆ ನೇಮಕವಾದ ವಕೀಲರು, ಅದನ್ನು ವಾಪಸು ಕೊಟ್ಟು, ಪಾಟೀ ಸವಾಲಿನಲ್ಲಿ ಈ "ಸುಮಾರು" ಎಂಬ ಪದವನ್ನೇ ಹಿಡಿದು ಆಕೆಯನ್ನು ಸುಳ್ಳುಗಾತಿ ಮಾಡುತ್ತಾರೆ ಎಂದರು. ನಾನು ಮತ್ತೆ ಸಿದ್ದಾಪುರದ ಕಡೆಯ ಆ ಲೈನ್ ಮನೆಗೆ ಹೋದೆ. ತಾರೀಖು ಕೇಳಿದರೆ ಆಕೆಗೆ ನೆನಪಿಲ್ಲ. ಆಗ ತೋಟದಲ್ಲಿ ಏನು ಕೆಲಸ ನಡೆಯುತ್ತಿತ್ತು ಎಂದು ಕೇಳಿದೆ. "ರೋಬಸ್ಟಾ ಕೊಯ್ಲು ಮುಗಿದಿತ್ತು ಅಕ್ಕ, ಹೂಮಳೆ ಬಂದಿರಲಿಲ್ಲ, ಸ್ಪ್ರಿಂಕ್ಲರ್ ಪೈಪ್ ಹೊರ್ತಾ ಇದ್ವಿ. ಪಾಪುಗೆ ಒಂಬತ್ತು ತಿಂಗಳ ಚುಚ್ಚುಮದ್ದು ಹಾಕ್ಸಿ ಬಂದ ದಿನಾನೇ ಅವನು ಹೋಗಿದ್ದು" ಎಂದಳು. ಹೂಮಳೆ ಎಂದರೆ ಕಾಫಿ ಗಿಡಕ್ಕೆ ಹೂ ಬಿಡಿಸುವ ಬೇಸಿಗೆಯ ಮೊದಲ ಮಳೆ. ಪ್ಲಾಸ್ಟಿಕ್ ಕವರಿನಲ್ಲಿ ಮಳೆಗಾಲದ ತೇವಕ್ಕೆ ಅಂಟಿಕೊಂಡಿದ್ದ ತಾಯಿ ಕಾರ್ಡನ್ನು ಮೆಲ್ಲಗೆ ಬಿಡಿಸಿ ನೋಡಿದಾಗ, ದಡಾರ ಲಸಿಕೆಯ ಸಾಲಿನಲ್ಲಿ ಫೆಬ್ರವರಿ ಕೊನೆಯ ವಾರದ ಒಂದು ತಾರೀಖು ಇತ್ತು. ಅದೇ ಕಾರ್ಡಿನ ಮೊದಲ ಪುಟದಲ್ಲಿ ಗಂಡನ ಹೆಸರೂ ಇತ್ತು. ಮದುವೆಯ ನೋಂದಣಿಯೂ ಇಲ್ಲದ, ಫೋಟೊ ಕೂಡ ಇಲ್ಲದ ಸಂಸಾರಕ್ಕೆ ಅದೊಂದು ಆಧಾರವಾಯಿತು.

ಅಂದಿನಿಂದ ನಾನು ತಾರೀಖನ್ನು ನೇರವಾಗಿ ಕೇಳುವುದನ್ನು ಬಿಟ್ಟಿದ್ದೇನೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಮುಂಚೆಯೋ ನಂತರವೋ, ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿನ ಸಮಯದಲ್ಲಿ ಯಾರ ಮನೆಯಲ್ಲಿದ್ದಿರಿ, ಕಾವೇರಿ ಸಂಕ್ರಮಣಕ್ಕೆ ತಲಕಾವೇರಿಗೆ ಜೊತೆಯಲ್ಲಿ ಹೋಗಿದ್ದಿರಾ, 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಗಂಡ ಮನೆಯಲ್ಲಿದ್ದನೇ ಎಂದು ಕೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೀಗೆ ಸಿಕ್ಕಿದ ಕಾಲವನ್ನು ಆಸ್ಪತ್ರೆ ಚೀಟಿ, ಶಾಲೆಯ ದಾಖಲಾತಿ, ಬ್ಯಾಂಕ್ ಪಾಸ್‌ಬುಕ್ ಇವುಗಳಲ್ಲಿ ಯಾವುದಾದರೊಂದರ ಜೊತೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ "ಫೆಬ್ರವರಿ–ಮಾರ್ಚ್ ನಡುವೆ" ಎಂದೇ ಬರೆಯಬೇಕು. ಊಹೆಯಿಂದ ಒಂದು ತಾರೀಖನ್ನು ಕೂರಿಸುವುದು ಆಕೆಗೆ ಮಾಡುವ ಅನ್ಯಾಯ.

ಗಂಡನ ಆದಾಯ ತೋರಿಸುವುದು ಇಲ್ಲಿ ಕಷ್ಟದ ಭಾಗ. ರಜನೀಶ್ ಪ್ರಕರಣದ ತೀರ್ಪಿನ ಪ್ರಕಾರ ಎರಡೂ ಕಡೆಯವರು ಆಸ್ತಿ ಮತ್ತು ಹೊಣೆಗಾರಿಕೆಯ ಪ್ರಮಾಣಪತ್ರ ಸಲ್ಲಿಸಬೇಕು, ಕೃಷಿಕರಿಗೆ ಅದರಲ್ಲಿ ಪ್ರತ್ಯೇಕ ನಮೂನೆಯೇ ಇದೆ. "ಜಮ್ಮಾ ಜಾಗ ಒಕ್ಕದ್ದು, ನನ್ನ ಹೆಸರಿನಲ್ಲಿ ಏನೂ ಇಲ್ಲ" ಎಂಬ ಉತ್ತರ (ಜಮ್ಮಾ ಎಂದರೆ ಕೊಡಗಿನ ವಂಶಪಾರಂಪರ್ಯ ಹಿಡುವಳಿ, ಒಕ್ಕ ಎಂದರೆ ಕೊಡವರ ಕೂಡು ಮನೆತನ) ಗಂಡನಿಂದ ಬಂದಾಗ ಪಹಣಿಯೊಂದನ್ನೇ ನೋಡಿ ಕೈಚೆಲ್ಲಬಾರದು. ಜಾಗ ಯಾರ ಹೆಸರಿನಲ್ಲಿದ್ದರೂ ಅದರ ಫಸಲು ಮಾರಿದವರು ಯಾರು, ಎಷ್ಟು ಚೀಲ ಕಾಫಿ ಚೆರ್ರಿ ಅಥವಾ ಪಾರ್ಚ್‌ಮೆಂಟ್ ಹೋಯಿತು, ಹಣ ಯಾರ ಖಾತೆಗೆ ಬಂತು, ಕರಿಮೆಣಸು ಯಾರ ಪಾಲು ಎಂಬುದನ್ನು ಹೆಂಡತಿ ತಿಳಿದಷ್ಟು ಬರೆದುಕೊಂಡರೆ, ಯಾವ ದಾಖಲೆ ಕೇಳಬೇಕೆಂಬುದು ವಕೀಲರಿಗೆ ಗೊತ್ತಾಗುತ್ತದೆ. ಆಕೆ ಕೊಯ್ಲಿನ ಮೂರು ತಿಂಗಳು ಕೂಲಿಗೆ ಹೋಗುತ್ತಾಳೆ ಎಂಬುದನ್ನು ಮುಚ್ಚಿಡುವುದು ಬೇಡ. ಅಲ್ಪಸ್ವಲ್ಪ ದುಡಿಮೆ ಇದ್ದ ಮಾತ್ರಕ್ಕೆ ಜೀವನಾಂಶ ತಪ್ಪುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಚತುರ್ಭುಜ್ ಮತ್ತು ಸೀತಾಬಾಯಿ ಪ್ರಕರಣದಲ್ಲಿ ಹೇಳಿದೆ. ಮುಚ್ಚಿಟ್ಟದ್ದು ಬಯಲಾದರೆ ಮಾತ್ರ ಆಕೆಯ ಉಳಿದ ಮಾತಿನ ಮೇಲೂ ಅನುಮಾನ ಬೀಳುತ್ತದೆ.

ಮಾತಿನ ನಡುವೆ ಹೊಡೆತದ ವಿಷಯ ಬಂದರೆ ಜೀವನಾಂಶದ ಪಟ್ಟಿಯನ್ನು ಪಕ್ಕಕ್ಕಿಡಿ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮದಡಿ ಸಂರಕ್ಷಣಾಧಿಕಾರಿಗೆ ಆಕೆಯನ್ನು ಅಂದೇ ಭೇಟಿ ಮಾಡಿಸಿ. ಕೌಟುಂಬಿಕ ಘಟನಾ ವರದಿ ಬರೆಯುವವರು ಅವರು. ಇಂತಹ ಹೊತ್ತಿನಲ್ಲಿ ಊರ ಹಿರಿಯರನ್ನು ಕೂರಿಸಿ ರಾಜಿ ಮಾಡಿಸಲು ನಾವು ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಟ್ಟಿ ಮುಗಿದ ಮೇಲೆ ಅದನ್ನು ಆಕೆಗೆ ಒಂದೊಂದೇ ಸಾಲು ಗಟ್ಟಿಯಾಗಿ ಓದಿ ಹೇಳಬೇಕು, ಆಕೆ ಓದುಬಲ್ಲವಳಾದರೂ ಸರಿ. ಸಿದ್ದಾಪುರದ ಆ ಮಹಿಳೆ ಏಳನೆಯ ಸಾಲಿಗೆ ಬಂದಾಗ ನನ್ನನ್ನು ತಡೆದು, ಲಸಿಕೆಯ ದಿನ ಗಂಡ ಜಗಳವಾಡಿದ್ದಷ್ಟೇ, ಮನೆ ಬಿಟ್ಟದ್ದು ಮಾರನೆಯ ಬೆಳಿಗ್ಗೆ ಮಗುವಿಗೆ ಜ್ವರ ಇಳಿಯುವ ಮುನ್ನ ಎಂದು ತಿದ್ದಿದಳು. ತಾರೀಖನ್ನು ಒಂದು ದಿನ ಮುಂದಕ್ಕೆ ಹಾಕಿ, ಜ್ವರದ ಮಾತನ್ನೂ ಸೇರಿಸಿದ ಮೇಲೆಯೇ ಆಕೆ ಸಹಿ ಹಾಕಿದಳು.