ವಿಮಾನ ಇಳಿಯುವಾಗ ಕೂಸಿನ ಕಿವಿ ನೋಯುತ್ತದಾ?

ಪ್ರಶ್ನೆ: ಅಕ್ಕಾ, ನಾನು ಕುಮಟಾದವಳು. ಬಾಣಂತನಕ್ಕೆ ತವರಿಗೆ ಬಂದಿದ್ದೆ, ಈಗ ಮಗಳಿಗೆ ಐದು ತಿಂಗಳು. ಇನ್ನು ಹದಿನೈದು ದಿನಕ್ಕೆ ಗೋವಾದಿಂದ ದೆಹಲಿಗೆ ವಿಮಾನದಲ್ಲಿ ಹೋಗಬೇಕು, ನಮ್ಮನೆಯವರು ಅಲ್ಲೇ ಇದ್ದಾರೆ. ಕೂಸಿನ ಕಿವಿ ನೋಯುತ್ತದೆ, ದಾರಿಯುದ್ದಕ್ಕೂ ಅಳುತ್ತದೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಅಮ್ಮ ಮಾತ್ರ ಕಿವಿಗೆ ಎಣ್ಣೆ ಬಿಟ್ಟು ಹತ್ತಿ ಇಟ್ಟುಕೊಂಡು ಹೋಗು, ಏನೂ ಆಗುವುದಿಲ್ಲ ಅನ್ನುತ್ತಾಳೆ. ನಿಜವಾಗಿ ಏನು ಮಾಡಬೇಕು?

ಉತ್ತರ: ನೋಯಬಹುದು. ಆದರೆ ದಾರಿಯುದ್ದಕ್ಕೂ ಅಲ್ಲ, ಇಳಿಯುವಾಗಿನ ಕೊನೆಯ ಅರ್ಧ ಗಂಟೆ ಮಾತ್ರ. ಆ ಅರ್ಧ ಗಂಟೆಗೆ ಕೂಸಿನ ಹಸಿವನ್ನು ಉಳಿಸಿಟ್ಟುಕೊಳ್ಳಿ. ನಾನು ಹೇಳಬೇಕಾದ ಮುಖ್ಯ ಮಾತು ಇದೇ, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದೇ ಇರುತ್ತೀರಿ. ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಕಿವಿ ಗುಂಯ್ ಅಂತ ಕಟ್ಟುತ್ತದೆ, ಉಗುಳು ನುಂಗಿದರೆ ಟಪ್ ಅಂತ ಬಿಡುತ್ತದೆ, ಅಲ್ವಾ? ವಿಮಾನದಲ್ಲಿ ಆಗುವುದೂ ಇದೇ, ಜಾಸ್ತಿ ಪ್ರಮಾಣದಲ್ಲಿ. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ದೊಡ್ಡ ವಿಮಾನ ಹತ್ತು ಕಿಲೋಮೀಟರ್ ಎತ್ತರದಲ್ಲಿ ಹಾರಿದರೂ ಒಳಗಿನ ಗಾಳಿಯ ಒತ್ತಡವನ್ನು 1800ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟಕ್ಕೆ ಹಿಡಿದಿಟ್ಟಿರುತ್ತಾರೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1930 ಮೀಟರ್. ಅಂದರೆ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತುದಿಯಿಂದ ಅರ್ಧ ಗಂಟೆಯಲ್ಲಿ ಬಯಲಿಗೆ ಇಳಿದಂತೆ.

ಕಿವಿಯ ತಮಟೆಯ ಹಿಂದೆ ಒಂದು ಪುಟ್ಟ ಗಾಳಿಗೂಡು ಇದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಸಣ್ಣದೊಂದು ಕೊಳವೆ ಹೋಗುತ್ತದೆ, ಡಾಕ್ಟರುಗಳು ಯೂಸ್ಟೇಷಿಯನ್ ನಳಿಕೆ ಅನ್ನುತ್ತಾರೆ. ವಿಮಾನ ಏರುವಾಗ ಒಳಗಿನ ಗಾಳಿ ಹಿಗ್ಗಿ ಈ ಕೊಳವೆಯಿಂದ ತಾನಾಗೇ ಹೊರಗೆ ಹೋಗುತ್ತದೆ, ಹಾಗಾಗಿ ಏರುವಾಗ ತೊಂದರೆ ಕಡಿಮೆ. ಇಳಿಯುವಾಗ ಉಲ್ಟಾ. ಹೊರಗಿನ ಒತ್ತಡ ಹೆಚ್ಚುತ್ತಾ ಹೋಗುತ್ತದೆ, ಗಾಳಿ ಒಳಗೆ ಹೋಗಬೇಕು, ಆದರೆ ಕೊಳವೆಯ ಬಾಯಿ ಸುಮ್ನೆ ತೆರೆಯುವುದಿಲ್ಲ. ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ನೋವು ಬರುತ್ತದೆ. ವಿಮಾನದಲ್ಲಿ ಕುಡಿದು ಖಾಲಿ ಮಾಡಿ ಮುಚ್ಚಳ ಬಿಗಿದ ನೀರಿನ ಬಾಟಲಿ ಕೆಳಗೆ ಬರುವಷ್ಟರಲ್ಲಿ ಅಪ್ಪಚ್ಚಿಯಾಗಿರುತ್ತದಲ್ಲ, ಅದೇ ಕಥೆ. ಎಳೆ ಮಕ್ಕಳಲ್ಲಿ ಈ ಕೊಳವೆ ಗಿಡ್ಡ, ಕಿರಿದು, ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿದ ಹಾಗೆ ಇರುತ್ತದೆ. ನಮಗಾದರೆ ಆಕಳಿಸಲು, ಉಗುಳು ನುಂಗಲು ಗೊತ್ತು. ಕೂಸಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಚೀಪುವುದು, ಮತ್ತು ಚೀಪಿ ನುಂಗಿದಾಗಲೆಲ್ಲ ಆ ಕೊಳವೆ ತೆರೆಯುತ್ತದೆ.

ನನ್ನ ಮಗನ ಮೊದಲ ಪ್ರಯಾಣದಲ್ಲಿ ನಾನು ತಪ್ಪಿದ್ದು ಇಲ್ಲೇ. ಆಗ ಅವನಿಗೆ ನಾಲ್ಕು ತಿಂಗಳು. ವಿಮಾನ ಓಡಲು ಶುರುವಾದ ಕೂಡಲೇ ಗಾಬರಿಯಲ್ಲಿ ಎದೆಗೆ ಹಾಕಿಕೊಂಡೆ, ಹೊಟ್ಟೆ ತುಂಬ ಕುಡಿದ, ಮಲಗಿದ. ಎಲ್ಲ ಸಲೀಸಾಯಿತು ಅಂದುಕೊಂಡೆ. ಇಳಿಯಲು ಶುರುವಾದ ಸ್ವಲ್ಪ ಹೊತ್ತಿಗೆ ಕಿರುಚಿಕೊಂಡು ಎದ್ದ. ಹೊಟ್ಟೆ ತುಂಬಿತ್ತು, ಮೊಲೆಗೆ ಬಾಯಿ ಹಾಕಲೇ ಇಲ್ಲ, ತಲೆ ಆಚೀಚೆ ಹೊರಳಿಸುತ್ತ ಕಿವಿ ಉಜ್ಜಿಕೊಳ್ಳುತ್ತಿದ್ದ. ಚಕ್ರ ನೆಲಕ್ಕೆ ತಾಗುವವರೆಗೂ ಅತ್ತ. ವಾಪಸ್ ಬರುವಾಗ ಏರುವ ಹೊತ್ತಿಗೆ ಬರೀ ತಟ್ಟಿ ಸಮಾಧಾನ ಮಾಡಿದೆ, ಹಾಲನ್ನು ಇಳಿಯುವಾಗ ಕೊಟ್ಟೆ. ಒಂದು ಸಲವೂ ಅಳಲಿಲ್ಲ.

ಗೋವಾದಿಂದ ದೆಹಲಿಗೆ ಸುಮಾರು ಎರಡೂವರೆ ಗಂಟೆಯ ಹಾರಾಟ. ಐದು ತಿಂಗಳ ಮಗು ಎರಡು-ಮೂರು ಗಂಟೆಗೊಮ್ಮೆ ಹಾಲು ಕುಡಿಯುತ್ತದೆ ಅಂದುಕೊಂಡರೆ, ವಿಮಾನ ಹತ್ತುವ ಮೊದಲು ನಿಲ್ದಾಣದಲ್ಲೇ ಒಮ್ಮೆ ಕುಡಿಸಿಬಿಡಿ, ಲೆಕ್ಕ ಸರಿ ಹೋಗುತ್ತದೆ. ಏರುವಾಗ ಅತ್ತರೆ ಎರಡು ಗುಟುಕು ಕೊಡಿ, ಪೂರ್ತಿ ಹೊಟ್ಟೆಗೆ ಬೇಡ. ಕುಳಿತ ಕೂಡಲೇ ಸಿಬ್ಬಂದಿಗೆ ಹೇಳಿಡಿ: ಇಳಿಯಲು ಶುರು ಮಾಡುವಾಗ ನನಗೆ ತಿಳಿಸಿ ಅಂತ. ಬೆಲ್ಟ್ ಹಾಕಿ ಎಂಬ ಕೊನೆಯ ಘೋಷಣೆಗೆ ಕಾಯಬೇಡಿ, ಅಷ್ಟರಲ್ಲಿ ಅರ್ಧ ಇಳಿದಾಗಿರುತ್ತದೆ. ಮಗು ನಿದ್ದೆ ಮಾಡುತ್ತಿದ್ದರೆ? ನಾನಾದರೆ ಮೆತ್ತಗೆ ಎಬ್ಬಿಸುತ್ತೇನೆ, ನಿದ್ದೆಯಲ್ಲಿ ನುಂಗುವುದು ಕಡಿಮೆ. ಬಾಟಲಿ ಹಾಲಾದರೆ ಅದೂ ಆಗುತ್ತದೆ, ನಿಪ್ಪಲ್ ಚೀಪುವ ಅಭ್ಯಾಸವಿದ್ದರೆ ಅದೂ ಆಗುತ್ತದೆ. ಹಾಲು ಕೊಡುವಾಗ ತಲೆ ಸ್ವಲ್ಪ ಎತ್ತರದಲ್ಲಿರಲಿ. ಏನೂ ಬೇಡ ಅಂತ ಅತ್ತರೂ ತೀರಾ ಸಂಕಟ ಪಡಬೇಡಿ, ಅಳುವಾಗಲೂ ನುಂಗುತ್ತದೆ, ಆಗಲೂ ಕೊಳವೆ ತೆರೆಯುತ್ತದೆ. ಪಕ್ಕದವರ ಮುಖ ನೋಡಬೇಡಿ, ಮಗುವಿನ ಮುಖ ನೋಡಿ.

ಈಗ ಅಮ್ಮನ ಎಣ್ಣೆ-ಹತ್ತಿ. ದಯವಿಟ್ಟು ಬೇಡ. ಎಣ್ಣೆ ಬೀಳುವುದು ತಮಟೆಯ ಹೊರಗೆ, ತೊಂದರೆ ಇರುವುದು ಒಳಗೆ. ಹತ್ತಿ ಗಾಳಿಯ ಒತ್ತಡವನ್ನು ತಡೆಯುವುದಿಲ್ಲ. ಅಮ್ಮನ ಪ್ರೀತಿ ದೊಡ್ಡದು, ಅವರಿಗೆ ನೋವಾಗದಂತೆ ಹೇಳಿ: ಮನೆಯಲ್ಲಿ ಮೈಗೆ ಎಣ್ಣೆ ಹಚ್ಚಿ ಮೀಸಿ ಕಳಿಸು, ಕಿವಿಗೆ ಮಾತ್ರ ಬೇಡ. ಇನ್ನು ಕೆಲವರು ಬೆರಳಿಗೆ ಜೇನು ಹಚ್ಚಿ ಚೀಪಿಸು ಅನ್ನುತ್ತಾರೆ. ಶಿರಸಿ, ಸಿದ್ದಾಪುರದ ಕಡೆ ಮನೆಮನೆಯಲ್ಲಿ ಒಳ್ಳೇ ಜೇನು ಇರುತ್ತದೆ, ಅದಕ್ಕೇ ಈ ಮಾತು ಜಾಸ್ತಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಎಷ್ಟೇ ಶುದ್ಧ ಜೇನಿನಲ್ಲೂ ಬೊಟುಲಿಸಂ ರೋಗ ತರುವ ಬೀಜಾಣು ಇರಬಹುದು, ಎಳೆ ಕರುಳಿಗೆ ಅದನ್ನು ತಡೆಯುವ ಶಕ್ತಿ ಇಲ್ಲ. ಆರು ತಿಂಗಳು ತುಂಬುವವರೆಗೆ ನೀರೂ ಬೇಡ, ಎದೆಹಾಲೇ ಸಾಕು.

ಮತ್ತೊಂದು ಸಲಹೆ ನಿಮ್ಮ ಕಿವಿಗೂ ಬಿದ್ದಿರಬಹುದು: ಒಂದು ಚಮಚ ನೆಗಡಿ ಸಿರಪ್ ಕುಡಿಸು, ದೆಹಲಿ ಬರುವವರೆಗೂ ಮಲಗಿರುತ್ತದೆ ಅಂತ. ಇದು ಅಪಾಯದ ಮಾತು. ಮೆಡಿಕಲ್ ಶಾಪಿನಲ್ಲಿ ಸಿಗುವ ಅನೇಕ ನೆಗಡಿ ಸಿರಪ್‌ಗಳಲ್ಲಿ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಸೇರಿರುತ್ತವೆ, ಈ ಜೋಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದ್ದಾರೆ. ಮಲಗಿಸಲು ಔಷಧಿ ಬೇಡವೇ ಬೇಡ.

ನಿಜವಾದ ನೆಗಡಿ ಇದ್ದರೆ ಬೇರೆ ವಿಷಯ. ಮೂಗು ಕಟ್ಟಿದ್ದರೆ ಆ ಕೊಳವೆಯ ಬಾಯಿಯೂ ಊದಿಕೊಂಡಿರುತ್ತದೆ, ಆಗ ನೋವು ಹೆಚ್ಚು. ಹೊರಡುವ ಎರಡು-ಮೂರು ದಿನ ಮೊದಲು ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ, ಕಿವಿಯೊಳಗೆ ನೋಡಿ ಅಂತ ಕೇಳಿ. ಮೂಗಿಗೆ ಹಾಕುವ ಉಪ್ಪುನೀರಿನ ಹನಿ ಬೇಕಾದರೆ ಅವರೇ ಬರೆದುಕೊಡುತ್ತಾರೆ. ಕಿವಿ ಸೋರುತ್ತಿದ್ದರೆ, ಜ್ವರ ಇದ್ದರೆ, ಟಿಕೆಟಿನ ದುಡ್ಡು ಹೋದರೂ ದಿನ ಬದಲಿಸಿ. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ, ಹೃದಯದ್ದೋ ಉಸಿರಾಟದ್ದೋ ತೊಂದರೆ ಇದ್ದರೆ ಡಾಕ್ಟರು ಸರಿ ಅನ್ನದೆ ಹೊರಡಲೇಬೇಡಿ. 6, 10 ಮತ್ತು 14 ವಾರದ ಲಸಿಕೆಗಳು ಮುಗಿದಿವೆಯಾ ಅಂತ ತಾಯಿ ಕಾರ್ಡ್ ತೆಗೆದು ನೋಡಿ, ಆ ಕಾರ್ಡನ್ನು ಚೀಲದಲ್ಲೇ ಇಟ್ಟುಕೊಳ್ಳಿ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಎರಡು ವರ್ಷದೊಳಗಿನ ಮಗುವಿಗೆ ಬೇರೆ ಸೀಟು ಇಲ್ಲ, ತೊಡೆಯ ಮೇಲೆ ಕೂರಿಸಿಕೊಳ್ಳಬೇಕು, ಆದರೆ ಅದರ ಹೆಸರಿನಲ್ಲಿ ಟಿಕೆಟ್ ಬೇಕು, ಸಣ್ಣ ಶುಲ್ಕವೂ ಇದೆ. ನಿಮ್ಮ ಟಿಕೆಟ್ ಮಾಡುವಾಗಲೇ ಮಗುವನ್ನೂ ಸೇರಿಸಿ. ವಯಸ್ಸಿಗೆ ಜನನ ಪ್ರಮಾಣಪತ್ರ ತೋರಿಸಬೇಕು, ಮೊಬೈಲಿನಲ್ಲಿ ಫೋಟೋ ಇದ್ದರೂ ಒಂದು ಪ್ರತಿ ಕೈಯಲ್ಲಿರಲಿ. ಐದು ವರ್ಷದೊಳಗಿನವರಿಗೆ ಕೊಡುವ ನೀಲಿ ಬಾಲ ಆಧಾರ್ ಮಾಡಿಸಿದ್ದರೆ ಅದನ್ನೂ ಇಟ್ಟುಕೊಳ್ಳಿ. ದೇಶದ ಹೊರಗೆ ಹೋಗುವವರಾದರೆ ಕೂಸಿಗೂ ಸ್ವಂತ ಪಾಸ್‌ಪೋರ್ಟ್ ಬೇಕು.

ಸೀಟು ಕಿಟಕಿಯ ಪಕ್ಕದ್ದೇ ತೆಗೆದುಕೊಳ್ಳಿ, ಹಾಲು ಕುಡಿಸಲು ಮರೆ ಸಿಗುತ್ತದೆ. ಮೇಲೆ ಹೊದೆಯಲು ಹಳೇ ಹತ್ತಿ ಸೀರೆಯ ತುಂಡಿನಷ್ಟು ಒಳ್ಳೆಯದು ಇನ್ನೊಂದಿಲ್ಲ, ಮರೆಗೂ ಆಯಿತು, ಹೊದಿಕೆಗೂ ಆಯಿತು, ಕಕ್ಕಿದರೆ ಒರೆಸಲೂ ಆಯಿತು. ಒಂದೇ ಸಾಲಿನ ಮೂರು ಸೀಟಿನಲ್ಲಿ ಎರಡು ಕೂಸುಗಳನ್ನು ಸಾಮಾನ್ಯವಾಗಿ ಕೂರಿಸುವುದಿಲ್ಲ, ಆಮ್ಲಜನಕದ ಮಾಸ್ಕ್ ಪ್ರತಿ ಸಾಲಿಗೆ ಲೆಕ್ಕದ್ದು ಇರುತ್ತದೆ, ಹಾಗಾಗಿ ಸೀಟು ಬದಲಿಸಿ ಅಂದರೆ ಬೇಸರ ಬೇಡ. ಮಗುವಿಗೆ ಬೇರೆ ಸಣ್ಣ ಬೆಲ್ಟ್ ಕೊಡುತ್ತಾರೆ, ಅದು ನಿಮ್ಮ ಬೆಲ್ಟಿಗೆ ಸೇರುತ್ತದೆ. ಇಬ್ಬರನ್ನೂ ಒಂದೇ ಬೆಲ್ಟಿನೊಳಗೆ ಹಾಕಬೇಡಿ. ಹಾಲಿನ ಪುಡಿ, ಬಿಸಿನೀರಿನ ಫ್ಲಾಸ್ಕ್, ಸ್ವಲ್ಪ ದೊಡ್ಡ ಮಕ್ಕಳಾದರೆ ರಾಗಿ ಮಣ್ಣಿ, ಬಾಳೆಕಾಯಿ ಹಿಟ್ಟಿನ ಮಣ್ಣಿ, ಇವನ್ನೆಲ್ಲ ದಾರಿಗೆ ಬೇಕಾದಷ್ಟು ಒಯ್ಯಬಹುದು. ತಪಾಸಣೆಯಲ್ಲಿ ಹೊರಗೆ ತೆಗೆದು, ಮಗುವಿನದು ಅಂತ ಹೇಳಿದರೆ ಸಾಕು. ಎಸಿ ತಣ್ಣಗಿರುತ್ತದೆ, ಟೋಪಿ, ಕಾಲುಚೀಲ ಕೈಚೀಲದಲ್ಲೇ ಇರಲಿ. ಮಗುವಿಗೆ ಎರಡು ಜೊತೆ ಬಟ್ಟೆ, ನಿಮಗೂ ಒಂದು ಜೊತೆ.

ನಮ್ಮ ಜಿಲ್ಲೆಯವರಿಗೆ ವಿಮಾನಕ್ಕಿಂತ ಕಷ್ಟ ಅಂದರೆ ಅಲ್ಲಿಗೆ ಮುಟ್ಟುವ ದಾರಿ. ಅಂಕೋಲೆಯ ಅಲಗೇರಿಯಲ್ಲಿ ನಿಲ್ದಾಣ ಆಗುವ ಮಾತು ವರ್ಷಗಳಿಂದ ಇದೆ, ಆಗುವವರೆಗೆ ಕರಾವಳಿಯವರಿಗೆ ಗೋವಾ, ಶಿರಸಿ ಕಡೆಯವರಿಗೆ ಹುಬ್ಬಳ್ಳಿ, ಭಟ್ಕಳದವರಿಗೆ ಮಂಗಳೂರು. ನೀವು ಮೊದಲು ಟಿಕೆಟ್ ತೆಗೆದು ನೋಡಿ, ಗೋವಾದಲ್ಲಿ ಈಗ ಎರಡು ನಿಲ್ದಾಣ. ದಾಬೋಳಿ ಹಳೆಯದು, ಕಾರವಾರದಿಂದ ಎರಡು ಗಂಟೆಯ ಆಸುಪಾಸು. 2023ರ ಜನವರಿಯಿಂದ ವಿಮಾನ ಶುರುವಾದ ಮೋಪಾ ಇರುವುದು ಗೋವಾದ ಉತ್ತರ ತುದಿಯಲ್ಲಿ. ಮೋಪಾ ಆದರೆ ಮನೆಯಿಂದ ಹೊರಡುವ ಹೊತ್ತೇ ಬದಲಾಗುತ್ತದೆ. ಮಳೆಗಾಲವಾದರೆ ಇನ್ನಷ್ಟು ಮೊದಲೇ ಹೊರಡಿ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದಾಗಿದ್ದನ್ನು ನಾವು ಯಾರೂ ಮರೆತಿಲ್ಲ.

ನನ್ನನ್ನು ಕೇಳಿದರೆ ರೈಲೇ ವಾಸಿ. ಕುಮಟಾದಿಂದ ಮಡಗಾಂವ್‌ಗೆ ಕೊಂಕಣ ರೈಲು, ಅಲ್ಲಿಂದ ದಾಬೋಳಿಗೆ ಟ್ಯಾಕ್ಸಿ. ರೈಲಿನಲ್ಲಿ ಕಾಲು ಚಾಚಿ ಕುಳಿತು ಹಾಲು ಕುಡಿಸಬಹುದು, ಬಟ್ಟೆ ಬದಲಿಸಬಹುದು. ಕಾರೇ ಆದರೆ ಹಿಂದಿನ ಸೀಟಿನಲ್ಲೇ ಕೂತುಕೊಳ್ಳಿ, ಹಾಲು ಕೊಡುವಾಗ ಗಾಡಿ ನಿಲ್ಲಿಸಿ.

ದೆಹಲಿಯಲ್ಲಿ ಇಳಿದ ಮೇಲೆ ಎಲ್ಲರೂ ಎದ್ದು ನಿಲ್ಲುತ್ತಾರೆ. ನೀವು ಕೂತಿರಿ, ಸಾಲು ಖಾಲಿಯಾಗಲಿ, ಬೇಕಾದರೆ ಇನ್ನೊಂದೆರಡು ಗುಟುಕು ಕುಡಿಸಿ. ಕಿವಿ ಸ್ವಲ್ಪ ಕಟ್ಟಿದ್ದರೂ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಸರಿಯಾಗುತ್ತದೆ. ಮಾರನೇ ದಿನವೂ ಕಿವಿ ಮುಟ್ಟಿಕೊಂಡು ಅಳುತ್ತಿದ್ದರೆ, ಜ್ವರ ಬಂದರೆ, ಕಿವಿಯಿಂದ ನೀರೋ ಕೀವೋ ಬಂದರೆ ತಡ ಮಾಡದೆ ಅಲ್ಲಿನ ಮಕ್ಕಳ ಡಾಕ್ಟರಿಗೆ ತೋರಿಸಿ. ಇಳಿದ ಕೂಡಲೇ ಅಮ್ಮನಿಗೆ ಫೋನ್ ಮಾಡಿ, ಎಣ್ಣೆ ಇಲ್ಲದೇ ಆಯಿತು ಅಂತ ಹೇಳಿ, ಕುಮಟಾದಲ್ಲಿ ಅವರು ಫೋನ್ ಹಿಡಿದುಕೊಂಡೇ ಕೂತಿರುತ್ತಾರೆ.