ಮೂರು ವರ್ಷದ ಬಾಯಿ: ಎಪ್ಸಮ್ ಡರ್ಬಿಯ ಕಥೆ

ಕುದುರೆಯ ಕೆಳತುಟಿಯನ್ನು ಹೆಬ್ಬೆರಳಲ್ಲಿ ಕೆಳಗೆ ಎಳೆದರೆ ಅದರ ವಯಸ್ಸು ಮುಕ್ಕಾಲು ಪಾಲು ಗೊತ್ತಾಗುತ್ತದೆ. ಬಾಚಿಹಲ್ಲುಗಳಲ್ಲಿ ನಡುವಿನ ಜೋಡಿ ಸುಮಾರು ಎರಡೂವರೆ ವರ್ಷಕ್ಕೆ ಉದುರಿ ಹೊಸದು ಬರುತ್ತದೆ. ಅದರ ಪಕ್ಕದವು ಮೂರೂವರೆಗೆ, ತುದಿಯವು ನಾಲ್ಕೂವರೆಗೆ. ಹಾಲುಹಲ್ಲು ಸಣ್ಣದು, ಬೆಳ್ಳಗೆ, ಬುಡದಲ್ಲಿ ಸಪೂರ. ಹೊಸ ಹಲ್ಲು ಅಗಲ, ಬಣ್ಣ ಸ್ವಲ್ಪ ಹಳದಿ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದಂತೆ. ರೇಸ್ ಕುದುರೆಯದ್ದು ಎಣಿಸದೆ ಬಿಡಬಾರದು.

ಕುದುರೆ ವೈದ್ಯನಾದ ನನಗೆ ಇಂಗ್ಲೆಂಡಿನ ಎಪ್ಸಮ್ ಡರ್ಬಿ ನೆನಪಾಗುವುದೂ ಹಲ್ಲಿನ ಕಡೆಯಿಂದಲೇ. ಅದು ಮೂರು ವರ್ಷದ ಥರೋಬ್ರೆಡ್‌ಗಳಿಗೆ, ಅಂದರೆ ರೇಸಿಗೆಂದೇ ಬೆಳೆಸಿದ ತಳಿಯ ಕುದುರೆಗಳಿಗೆ, ಮಾತ್ರ ಇರುವ ಓಟ. ಈ 'ಮೂರು' ಎಂಬುದು ಒಂದು ಕಾಲಕ್ಕೆ ಹೊಸ ಹುಚ್ಚು. ಅದಕ್ಕೆ ಮುಂಚೆ ಕುದುರೆಗಳು ಬಲಿತ ಮೇಲೆ ಓಡುತ್ತಿದ್ದವು, ಅದೂ ನಾಲ್ಕು ಮೈಲಿ, ಒಂದೇ ದಿನ ಎರಡು ಮೂರು ಸುತ್ತು. ಪ್ರಸಿದ್ಧ ಎಕ್ಲಿಪ್ಸ್ 1769ರಲ್ಲಿ ಇದೇ ಎಪ್ಸಮ್‌ನಲ್ಲಿ ಮೊದಲ ಸಲ ಓಡಿದಾಗ ಅದಕ್ಕೆ ಐದು ವರ್ಷ. ಹನ್ನೊಂದೇ ವರ್ಷದಲ್ಲಿ ಎಲ್ಲ ಬದಲಾಯಿತು. ಎಳೆಯ ಕುದುರೆ ಓಡಿಸಿದರೆ ಮಾಲೀಕನಿಗೆ ದುಡ್ಡು ಬೇಗ ಕೈಗೆ ಬರುತ್ತದೆ, ಅಲ್ವಾ? ನನ್ನ ಪ್ರಕಾರ ದೊಡ್ಡ ಕಾರಣ ಅದೇ.

ಮೊದಲ ಡರ್ಬಿ 1780ರ ಮೇ 4ರಂದು ನಡೆಯಿತು. ಒಂದೇ ಮೈಲಿ, ಒಂಬತ್ತು ಕುದುರೆ. ಗೆದ್ದದ್ದು ಸರ್ ಚಾರ್ಲ್ಸ್ ಬನ್ಬರಿ ಅವರ ಡಯೋಮೆಡ್. ಓಟಕ್ಕೆ ಯಾರ ಹೆಸರಿಡುವುದು ಎಂದು ಡರ್ಬಿಯ ಅರ್ಲ್ (ಅರ್ಲ್ ಅಂದರೆ ಅಲ್ಲಿನ ಒಂದು ಶ್ರೀಮಂತ ಪದವಿ) ಮತ್ತು ಬನ್ಬರಿ ನಾಣ್ಯ ಚಿಮ್ಮಿ ತೀರ್ಮಾನಿಸಿದರು ಅಂತ ಕಥೆ ಇದೆ. ಕಥೆಯಾಗಿ ಚೆನ್ನಾಗಿದೆ, ಅಷ್ಟೇ. ಮರುವರ್ಷ ಗೆದ್ದದ್ದು ಎಕ್ಲಿಪ್ಸ್‌ನ ಮಗ ಯಂಗ್ ಎಕ್ಲಿಪ್ಸ್. 1784ರಲ್ಲಿ ದೂರ ಒಂದೂವರೆ ಮೈಲಿಗೆ ಏರಿತು, ಇವತ್ತಿಗೂ ಹೆಚ್ಚುಕಡಿಮೆ ಅಷ್ಟೇ.

ಆ ಹಾದಿ ನೋಡಿದರೆ ನನ್ನಂಥವರಿಗೆ ಕಾಲಿನ ಚಿಂತೆ. ಮೊದಲ ಅರ್ಧ ಏರು, ಆಮೇಲೆ ಟ್ಯಾಟನ್‌ಹ್ಯಾಮ್ ತಿರುವಿನ ಕಡೆಗೆ ಇಳಿಜಾರು, ಕೊನೆಯಲ್ಲಿ ಮತ್ತೆ ಸಣ್ಣ ಏರು. ಇಳಿಯುತ್ತಾ ಎಡಕ್ಕೆ ತಿರುಗುವಾಗ ಭಾರವೆಲ್ಲ ಮುಂಗಾಲಿನ ಮೇಲೆ. ಮುಂಗಾಲಿನ ಮಂಡಿಯ ಮೇಲಿನ ಮೂಳೆ ಬೆಳವಣಿಗೆ ನಿಲ್ಲಿಸುವುದು ಎರಡು ವರ್ಷ ದಾಟಿದ ಮೇಲೆ. ಬೆನ್ನುಮೂಳೆಗೆ ಇನ್ನೂ ಜಾಸ್ತಿ ಸಮಯ ಬೇಕು. ಹಾಗಾಗಿ ಮೂರು ವರ್ಷದ್ದಕ್ಕೂ ನಾಲ್ಕು ವರ್ಷದ್ದಕ್ಕೂ ಬಹಳ ವ್ಯತ್ಯಾಸ. ಎರಡೂ ಸೇರಿ ಓಡುವ ಬೇರೆ ಓಟಗಳಲ್ಲಿ, ಇದೇ ದೂರಕ್ಕೆ ಜೂನ್ ಹೊತ್ತಿಗೆ, ದೊಡ್ಡದರ ಬೆನ್ನಿಗೆ ಸುಮಾರು 6 ಕೆ.ಜಿ. ಹೆಚ್ಚು ಹೊರಿಸುತ್ತಾರೆ.

1844ರಲ್ಲಿ ಕೆಲವರು ಕಣ್ಣು ಹಾಕಿದ್ದು ಈ ವ್ಯತ್ಯಾಸದ ಮೇಲೆಯೇ. ಆ ವರ್ಷ ಡರ್ಬಿಯಲ್ಲಿ ಮೊದಲು ಬಂದದ್ದು ರನ್ನಿಂಗ್ ರೇನ್ ಎಂಬ ಹೆಸರಿನ ಕುದುರೆ. ನಿಜಕ್ಕೂ ಅದು ಮ್ಯಾಕಬೀಯಸ್ ಎಂಬ ನಾಲ್ಕು ವರ್ಷದ ಕುದುರೆ. ಹಿಂದಿನ ವರ್ಷವೇ ಎರಡು ವರ್ಷದವುಗಳ ಓಟದಲ್ಲಿ ಗೆದ್ದಾಗ ವಯಸ್ಸಿನ ತಕರಾರು ಎದ್ದಿತ್ತು, ಆದರೆ ಅದನ್ನು ತಳ್ಳಿಹಾಕಿದರು. ಈ ಸಲ ರೇಸಿನ ಮೋಸಗಳ ವಿರುದ್ಧ ನಿಂತಿದ್ದ ಲಾರ್ಡ್ ಜಾರ್ಜ್ ಬೆಂಟಿಂಕ್ ಬೆನ್ನು ಬಿಡಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. ನ್ಯಾಯಾಧೀಶ ಆಲ್ಡರ್ಸನ್ ಕೇಳಿದ್ದು ಒಂದೇ ಮಾತು: ಕುದುರೆ ತನ್ನಿ. ಸಾವಿರ ಸಾಕ್ಷಿಗಿಂತ ಒಂದು ಬಾಯಿ ಮೇಲು, ಆ ಮನುಷ್ಯನಿಗೆ ಗೊತ್ತಿತ್ತು! ಕುದುರೆ ಬರಲೇ ಇಲ್ಲ. ಬಹುಮಾನ ಎರಡನೆಯದಾಗಿ ಬಂದ ಒರ್ಲ್ಯಾಂಡೊಗೆ, ಅಂದರೆ ಆಗಿನ ಪ್ರಧಾನಿ ರಾಬರ್ಟ್ ಪೀಲ್ ಅವರ ತಮ್ಮ ಕರ್ನಲ್ ಪೀಲ್‌ಗೆ ಸಿಕ್ಕಿತು. ಮೋಸದ ಹಿಂದಿದ್ದ ಗುಡ್‌ಮನ್ ಫ್ರಾನ್ಸಿಗೆ ಓಡಿಹೋದ.

ಅದೇ ಓಟದಲ್ಲಿ ಲಿಯಾಂಡರ್ ಎಂಬ ಇನ್ನೊಂದು ಕುದುರೆಯ ಕಾಲು ಮುರಿದು, ಅದನ್ನು ಕೊಲ್ಲಬೇಕಾಯಿತು. ಆಮೇಲೆ ಅದರ ದವಡೆ ನೋಡಿದ ವೈದ್ಯರು ಇದಕ್ಕೂ ನಾಲ್ಕು ವರ್ಷ ಅಂದರು. ಒಂದೇ ಡರ್ಬಿ, ಎರಡು ಸುಳ್ಳು ಬಾಯಿ.

ಹಾಗಂತ ಹಲ್ಲು ದೇವರಲ್ಲ. ಕೆಲಸದ ಮೊದಲ ವರ್ಷಗಳಲ್ಲಿ ಒಂದು ಮೂರು ವರ್ಷದ ಗಂಡು ಕುದುರೆಯನ್ನು ನಾನು ಎರಡು ವರ್ಷದ್ದು ಅಂದುಬಿಟ್ಟಿದ್ದೆ. ನಡುವಿನ ಜೋಡಿಯಲ್ಲಿ ಒಂದು ಹಾಲುಹಲ್ಲು ಇನ್ನೂ ಅಂಟಿಕೊಂಡೇ ಇತ್ತು. ಅದರ ಕೆಳಗೆ ವಸಡಿನಲ್ಲಿ ಹೊಸದರ ಅಂಚು ಕಾಣುತ್ತಿತ್ತು, ನಾನು ಬೆರಳಿಟ್ಟು ಮುಟ್ಟಿ ನೋಡಲಿಲ್ಲ. ಕಾಗದ ಸರಿಯಿತ್ತು, ನಾನು ತಪ್ಪಿದ್ದೆ. ಈಗ ಕತ್ತಿನಲ್ಲಿ ಮೈಕ್ರೋಚಿಪ್ ಇದೆ, ಡಿಎನ್‌ಎ ಪರೀಕ್ಷೆ ಇದೆ. ಮ್ಯಾಕಬೀಯಸ್‌ನ ಆಟ ಇವತ್ತು ಸುಲಭಕ್ಕೆ ನಡೆಯಲ್ಲ.

ಆದರೆ ಕಾಗದದ ವಯಸ್ಸಿನಲ್ಲೂ ಒಂದು ತಮಾಷೆ ಇದೆ. ಭೂಮಿಯ ಉತ್ತರಾರ್ಧದಲ್ಲಿ ಹುಟ್ಟಿದ ಎಲ್ಲ ಥರೋಬ್ರೆಡ್‌ಗಳಿಗೂ ಜನವರಿ 1ರಂದೇ ಹುಟ್ಟುಹಬ್ಬ. ಇಂಗ್ಲೆಂಡಿನಲ್ಲಿ ಹಿಂದೆ ಮೇ 1 ಇತ್ತು. ಡಿಸೆಂಬರ್ 31ರ ರಾತ್ರಿ ಹುಟ್ಟಿದ ಮರಿಗೆ ಬೆಳಗಾದರೆ ಒಂದು ವರ್ಷ ತುಂಬಿತು! ಡರ್ಬಿಗೆ ಬರುವಾಗ ಅದು ತನಗಿಂತ ಹೆಚ್ಚುಕಡಿಮೆ ವರ್ಷ ದೊಡ್ಡದಾದವುಗಳ ಜೊತೆ ಓಡಬೇಕು. ಕುದುರೆಯ ಗಬ್ಬ ಸುಮಾರು ಹನ್ನೊಂದು ತಿಂಗಳು. ಅದಕ್ಕೇ ಫೆಬ್ರವರಿ ಮಧ್ಯಕ್ಕೆ ಮೊದಲು ಕುದುರೆ ಕೂಡಿಸುವುದಿಲ್ಲ. ಆದರೂ ಕೆಲವು ಮರಿಗಳಿಗೆ ಅವಸರ. ಡಿಸೆಂಬರ್ ಕೊನೆಯಲ್ಲಿ ಕೆಚ್ಚಲು ತುಂಬಿದ ಕುದುರೆಯ ಪಕ್ಕ ನಿಂತು ಒಬ್ಬರು ಮಧ್ಯರಾತ್ರಿ ಫೋನ್ ಮಾಡಿದ್ದರು: "ಡಾಕ್ಟ್ರೇ, ಇನ್ನೆರಡು ದಿನ ತಡೆಯುತ್ತಾ ಇದು?"